ತಿಮಿಂಗಿಲಗಳ ಕುಟುಂಬದ ಆಲ್ಬಮ್

ಹಿತ್ತಲಲ್ಲಿ ಕೋಳಿ ಸಾಕುವ ಹೆಂಗಸರನ್ನು ನೀವು ಗಮನಿಸಿದ್ದೀರಾ? ನಮ್ಮ ಕಣ್ಣಿಗೆ ಎಲ್ಲ ಕೋಳಿಗಳೂ ಒಂದೇ ತರಹ. ಅವರಿಗೆ ಹಾಗಲ್ಲ. ಮುಸ್ಸಂಜೆ ಗೂಡಿಗೆ ಸೇರಿಸುವಾಗ ಒಂದು ಕಡಿಮೆಯಾದರೂ ಸಾಕು, ಯಾವುದು ಬಂದಿಲ್ಲವೆಂದು ಎಣಿಸದೆಯೇ ಹೇಳಿಬಿಡುತ್ತಾರೆ. ಒಂದರ ರೆಕ್ಕೆಯ ಬಣ್ಣ, ಇನ್ನೊಂದರ ಕುಂಟು ನಡಿಗೆ, ಮತ್ತೊಂದರ ಜಗಳಗಂಟಿ ಗುಣ ಎಲ್ಲವೂ ಅವರಿಗೆ ಗೊತ್ತು.

ಇದೇ ಕೆಲಸವನ್ನು ಸಮುದ್ರದಲ್ಲಿ, ಅದೂ ತಿಮಿಂಗಿಲಗಳ ನಡುವೆ ಮಾಡಬೇಕೆಂದರೆ ಹೇಗಿದ್ದೀತು ಯೋಚಿಸಿ. ಅವು ದಿನದ ಹೆಚ್ಚಿನ ಹೊತ್ತು ನೀರಿನಡಿಯಲ್ಲೇ ಇರುತ್ತವೆ. ಉಸಿರಾಡಲೆಂದು ಮೇಲೆ ಬಂದಾಗ ಎರಡು ಮೂರು ಸೆಕೆಂಡು ಬೆನ್ನು ತೋರಿಸಿ ಮತ್ತೆ ಮುಳುಗುತ್ತವೆ. ದೋಣಿಯೋ ಒಂದೇ ಸಮನೆ ಓಲಾಡುತ್ತಿರುತ್ತದೆ. ಅಷ್ಟರೊಳಗೆ ಕ್ಯಾಮೆರಾ ಹಿಡಿದು, ಗುರಿಯಿಟ್ಟು, ಗುಂಡಿ ಒತ್ತಬೇಕು. ಆಮೇಲೆ ಆ ಪಟವನ್ನು ನೋಡಿ ಇದು ಇಂಥವಳ ಮೂರನೆಯ ಮಗ, ಇದು ಇಂಥವಳ ಮೊಮ್ಮಗಳು ಎಂದು ಹೇಳಬೇಕು!

ಅಮೆರಿಕದ ಕೆನ್ ಬಾಲ್ಕಂಬ್ ಎಂಬವರು ಈ ಕೆಲಸವನ್ನು 1976ರಲ್ಲಿ ಆರಂಭಿಸಿದರು. 2022ರ ಡಿಸೆಂಬರ್ 15ರಂದು ತೀರಿಕೊಳ್ಳುವ ತನಕವೂ ಅದು ಅವರ ಕೆಲಸವಾಗಿಯೇ ಉಳಿಯಿತು. ನಲವತ್ತಾರು ವರ್ಷ! ಇಷ್ಟು ವರ್ಷ ಅವರು ಬೆನ್ನು ಹತ್ತಿದ್ದು ಸಾವಿರಾರು ತಿಮಿಂಗಿಲಗಳನ್ನಲ್ಲ. ನೂರು ಕೂಡ ತುಂಬದ ಒಂದೇ ಒಂದು ಬಳಗವನ್ನು.

ಈ ಬಳಗದ ಪ್ರಾಣಿಯ ಹೆಸರು ಓರ್ಕಾ. ಇಂಗ್ಲಿಷಿನಲ್ಲಿ ಇದಕ್ಕೆ 'ಕಿಲ್ಲರ್ ವೇಲ್', ಅಂದರೆ ಕೊಲೆಗಾರ ತಿಮಿಂಗಿಲ ಎಂಬ ಹೆಸರಿದೆ. ತಿಮಿಂಗಿಲ ಎಂದು ಕರೆದರೂ ವಾಸ್ತವದಲ್ಲಿ ಇದು ಡಾಲ್ಫಿನ್ ಕುಟುಂಬಕ್ಕೆ ಸೇರಿದ್ದು, ಆ ಕುಟುಂಬದಲ್ಲೇ ಅತಿ ದೊಡ್ಡದು. ಕಾಡಿಗೆಯಂತಹ ಕಪ್ಪು ಮೈ, ಕಣ್ಣಿನ ಹಿಂದೆ ಬಿಳಿ ಮಚ್ಚೆ, ಬಿಳಿ ಹೊಟ್ಟೆ. ಗಂಡಿನ ಬೆನ್ನ ಮೇಲೆ ನೆಟ್ಟಗೆ ನಿಲ್ಲುವ ಈಜುರೆಕ್ಕೆ ಆರಡಿ ಎತ್ತರದವರೆಗೂ ಬೆಳೆಯುತ್ತದೆ. ಅಂದರೆ ಎತ್ತರದ ಒಬ್ಬ ಗಂಡಸು ಬೆನ್ನ ಮೇಲೆ ನಿಂತಂತೆ.

ಕೋವಿಯ ಗುರಿಯಾಗಿದ್ದ ಕಾಲ

ಇಂದು ಓರ್ಕಾಗಳನ್ನು ನೋಡಲೆಂದೇ ದೇಶ ವಿದೇಶಗಳ ಪ್ರವಾಸಿಗರು ಅಮೆರಿಕ-ಕೆನಡಾ ಗಡಿಯ ದ್ವೀಪಗಳಿಗೆ ಬರುತ್ತಾರೆ. ಆದರೆ ಅರುವತ್ತು ವರ್ಷಗಳ ಹಿಂದೆ ಅಲ್ಲಿನ ಪರಿಸ್ಥಿತಿ ಬೇರೆಯೇ ಇತ್ತು. ಮೀನುಗಾರರ ಕಣ್ಣಲ್ಲಿ ಓರ್ಕಾ ಎಂದರೆ ತಮ್ಮ ಬಲೆಯ ಸಾಲ್ಮನ್ ಮೀನನ್ನು ಕದಿಯುವ ಕಳ್ಳ. ಉಳಿದವರ ಕಣ್ಣಲ್ಲಿ ನರಭಕ್ಷಕ. (ಸ್ವತಂತ್ರವಾಗಿ ಕಡಲಲ್ಲಿರುವ ಓರ್ಕಾ ಮನುಷ್ಯನನ್ನು ಕೊಂದ ದಾಖಲೆಯೇ ಇಲ್ಲ ಎಂಬುದು ಬೇರೆ ಮಾತು.) ಕಂಡಲ್ಲಿ ಗುಂಡು ಹಾರಿಸುವುದು ಮಾಮೂಲಿಯಾಗಿತ್ತು. 1961ರಲ್ಲಿ ಕೆನಡಾದ ಮೀನುಗಾರಿಕಾ ಇಲಾಖೆಯು ಸೆಮೂರ್ ಎಂಬ ಕಿರಿದಾದ ಜಲಮಾರ್ಗದ ದಡದಲ್ಲಿ ಇವುಗಳನ್ನು ಕೊಲ್ಲಲೆಂದೇ ಮೆಷಿನ್‌ಗನ್ ಒಂದನ್ನು ಸ್ಥಾಪಿಸಿತು. ಪುಣ್ಯಕ್ಕೆ ಅದರಿಂದ ಒಂದು ಗುಂಡೂ ಹಾರಲಿಲ್ಲ.

1964ರಲ್ಲಿ ವ್ಯಾಂಕೂವರ್ ನಗರದ ಮತ್ಸ್ಯಾಲಯಕ್ಕೆ ಓರ್ಕಾದ ಒಂದು ಮೂರ್ತಿ ಬೇಕಾಯಿತು. ಒಂದನ್ನು ಕೊಂದು, ಅಳತೆ ತೆಗೆದು, ಅದರಂತೆ ಮೂರ್ತಿ ಕಡೆಯುವುದೆಂದು ತೀರ್ಮಾನವಾಯಿತು. ಶಿಲ್ಪಿಯೇ ಈಟಿ ಎಸೆದರು. ಈಟಿ ಚುಚ್ಚಿತು, ಪ್ರಾಣಿ ಸಾಯಲಿಲ್ಲ. ಸಾಕಿದ ನಾಯಿಯಂತೆ ಹಗ್ಗದ ಹಿಂದೆ ಬಂದ ಅದನ್ನು ಕೊಲ್ಲಲು ಯಾರಿಗೂ ಮನಸ್ಸಾಗಲಿಲ್ಲ. ಹೆಣ್ಣೆಂದು ಭಾವಿಸಿ 'ಮೋಬಿ ಡಾಲ್' ಎಂದು ಹೆಸರಿಟ್ಟರು. ಕೆಲವು ವಾರಗಳ ಉಪವಾಸದ ನಂತರ ಅದು ಮನುಷ್ಯರ ಕೈಯಿಂದಲೇ ಮೀನು ತಿನ್ನತೊಡಗಿತು. ಸುಮಾರು ಮೂರು ತಿಂಗಳು ಬದುಕಿತು. ಸತ್ತ ಮೇಲಷ್ಟೇ ಅದು ಗಂಡೆಂದು ತಿಳಿದದ್ದು!

ಆ ಮೂರು ತಿಂಗಳಲ್ಲಿ ಜನರ ಹೆದರಿಕೆ ಕಡಿಮೆಯಾಯಿತು. ಆದರೆ ಅದರ ಜಾಗಕ್ಕೆ ದುರಾಸೆ ಬಂತು. ಇಷ್ಟು ಸಾಧುವಾದ ಪ್ರಾಣಿಯನ್ನು ಹಿಡಿದು ಕುಣಿಸಿದರೆ ಟಿಕೆಟು ಮಾರಬಹುದಲ್ಲ! 1965ರ ಬಳಿಕ ಇದೊಂದು ವ್ಯಾಪಾರವಾಗಿಯೇ ಬೆಳೆಯಿತು. ಬೇಕಾಗಿದ್ದುದು ಮರಿಗಳು. ದೊಡ್ಡವನ್ನು ಸಾಗಿಸುವುದು ಕಷ್ಟ, ಪಳಗಿಸುವುದು ಇನ್ನೂ ಕಷ್ಟ.

1970ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಪೆನ್ ಕೋವ್ ಎಂಬ ಕೊಲ್ಲಿಯಲ್ಲಿ ನಡೆದುದನ್ನು ಕೇಳಿದರೆ ನಿಮ್ಮ ಕರುಳು ಚುರುಕ್ಕೆನ್ನದಿರದು. ದೋಣಿಗಳು, ವಿಮಾನ, ನೀರಿನಲ್ಲಿ ಸಿಡಿಸುವ ಸ್ಫೋಟಕಗಳ ಸಹಾಯದಿಂದ ಎಂಬತ್ತಕ್ಕಿಂತ ಹೆಚ್ಚು ಓರ್ಕಾಗಳನ್ನು ಅಟ್ಟಿಸಿಕೊಂಡು ಬಂದು ಬಲೆಯೊಳಗೆ ಕೂಡಿದರು. ಮರಿಗಳನ್ನು ತಾಯಂದಿರಿಂದ ಬೇರ್ಪಡಿಸಿದರು. ಏಳು ಮರಿಗಳು ಮಾರಾಟವಾದವು. ಬಲೆಯ ಹೊರಗಿದ್ದ ದೊಡ್ಡವು ದೂರ ಹೋಗದೆ ಅಲ್ಲೇ ಸುತ್ತುತ್ತಾ ಕೂಗಿಡುತ್ತಿದ್ದುದನ್ನು ಕಂಡವರು ಆಮೇಲೆ ವರ್ಷಗಟ್ಟಲೆ ಹೇಳಿಕೊಂಡಿದ್ದಾರೆ. ಬಲೆಗೆ ಸಿಕ್ಕಿ ಐದು ಸತ್ತವು. ಯಾರಿಗೂ ತಿಳಿಯದಿರಲೆಂದು ಅವುಗಳ ಹೊಟ್ಟೆ ಸೀಳಿ, ಕಲ್ಲು ತುಂಬಿ ಮುಳುಗಿಸಿದರು. ನವೆಂಬರ್‌ನಲ್ಲಿ ಕಳೇಬರಗಳು ದಡಕ್ಕೆ ಬಂದು ಬಿದ್ದಾಗ ಗುಟ್ಟು ರಟ್ಟಾಯಿತು. ಅಂದು ಹಿಡಿದ ಏಳು ಮರಿಗಳಲ್ಲಿ ಒಂದು ಮಯಾಮಿಯ ತೊಟ್ಟಿಯೊಂದರಲ್ಲಿ ಅರ್ಧ ಶತಮಾನಕ್ಕಿಂತಲೂ ಹೆಚ್ಚು ಕಾಲ ಬದುಕಿ, 2023ರ ಆಗಸ್ಟ್‌ನಲ್ಲಿ ಅಲ್ಲೇ ಸತ್ತಿತು. ತಾನು ಹುಟ್ಟಿದ ಕಡಲನ್ನು ಅದು ಮತ್ತೆಂದೂ ಕಾಣಲಿಲ್ಲ.

"ಕಡಲಲ್ಲಿ ಸಾವಿರಾರು ಇವೆ, ಹತ್ತಿಪ್ಪತ್ತು ಹಿಡಿದರೆ ಏನಾಗುತ್ತದೆ?" ಹಿಡಿಯುವವರ ವಾದ ಇದಾಗಿತ್ತು. ಸುಳ್ಳೆನ್ನಲು ಯಾರ ಬಳಿಯೂ ಲೆಕ್ಕವಿರಲಿಲ್ಲ.

ಒಂದು ಕಚ್ಚಿನ ಗುರುತು

ಲೆಕ್ಕ ಹಾಕಲು ಹೊರಟವರು ಕೆನಡಾದ ಮೈಕೆಲ್ ಬಿಗ್. ಸರಕಾರಿ ಸಂಶೋಧನಾ ಕೇಂದ್ರವೊಂದರ ವಿಜ್ಞಾನಿ. 1971ರ ಜುಲೈ 26ರಂದು ಅವರು ಕರಾವಳಿಯುದ್ದಕ್ಕೂ ದೋಣಿಯವರಿಗೆ, ದೀಪಸ್ತಂಭದವರಿಗೆ, ಮೀನುಗಾರರಿಗೆ ಸಾವಿರಾರು ಪ್ರಶ್ನಾವಳಿಗಳನ್ನು ಹಂಚಿ, ಅಂದು ನೀವು ಎಷ್ಟು ಓರ್ಕಾ ಕಂಡಿರಿ, ಎಲ್ಲಿ ಕಂಡಿರಿ ಬರೆದು ಕಳುಹಿಸಿ ಎಂದು ಕೇಳಿಕೊಂಡರು. ಉತ್ತರಗಳನ್ನು ಕೂಡಿಸಿ ನೋಡಿದರೆ ಸಾವಿರಾರು ಎಲ್ಲಿಯದು! ಇದ್ದದ್ದು ಇನ್ನೂರರಿಂದ ಮುನ್ನೂರ ಐವತ್ತು ಮಾತ್ರ.

ಆದರೆ ಇದು ಅಂದಾಜಷ್ಟೇ. ಒಂದೇ ಪ್ರಾಣಿಯನ್ನು ಇಬ್ಬರು ಎಣಿಸಿರಬಹುದಲ್ಲ? ಬಿಗ್ ಮತ್ತು ಅವರ ಸಂಗಡಿಗರು ಫೋಟೊಗಳನ್ನು ಹರಡಿಕೊಂಡು ನೋಡುತ್ತಿದ್ದಾಗ ಒಂದು ವಿಷಯ ಹೊಳೆಯಿತು. ಒಂದು ಓರ್ಕಾದ ಬೆನ್ನಿನ ಈಜುರೆಕ್ಕೆಯ ಅಂಚಿನಲ್ಲಿರುವ ಕಚ್ಚು ಇನ್ನೊಂದರಲ್ಲಿಲ್ಲ. ರೆಕ್ಕೆಯ ಹಿಂಬದಿಯಲ್ಲಿ ಜೀನಿನಂತೆ ಹರಡಿರುವ ಬೂದು ಬಣ್ಣದ ಮಚ್ಚೆಯೂ ಒಂದರಂತೆ ಒಂದಿಲ್ಲ. ನಮ್ಮ ಹೆಬ್ಬೆರಳ ಗುರುತಿದ್ದ ಹಾಗೆ. ಅಂದ ಮೇಲೆ ಪ್ರತಿಯೊಂದರ ಪಟ ತೆಗೆದರೆ ಅಂದಾಜು ಬೇಕಿಲ್ಲ. ಹೆಸರು ಹಿಡಿದೇ ಎಣಿಸಬಹುದು!

ಇಂದು ಇದು ಸರಳವೆನಿಸಬಹುದು. ಅಂದು ಹಲವು ವಿಜ್ಞಾನಿಗಳು ನಂಬಲಿಲ್ಲ. ಕೆಲವು ವರ್ಷಗಳ ಬಳಿಕ ಇಲಾಖೆ ಬಿಗ್ ಅವರನ್ನು ಬೇರೆ ಕೆಲಸಕ್ಕೆ ಹಚ್ಚಿತು. ಅವರು ಬಿಡುವಿನ ವೇಳೆಯಲ್ಲಿ ಓರ್ಕಾಗಳ ಹಿಂದೆ ಹೋಗುವುದನ್ನು ಬಿಡಲಿಲ್ಲ. 1990ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ ಐವತ್ತೊಂದು ಕೂಡ ತುಂಬಿರಲಿಲ್ಲ.

ಗಡಿಯ ಈಚೆಗೆ, ಅಮೆರಿಕದ ಬದಿಯಲ್ಲಿ, ಈ ವಿಧಾನವನ್ನು ಕೈಗೆತ್ತಿಕೊಂಡವರೇ ನಮ್ಮ ಬಾಲ್ಕಂಬ್.

ಸತ್ತವುಗಳಿಂದ ಬದುಕಿರುವವುಗಳ ಕಡೆಗೆ

ಅವರು ಹುಟ್ಟಿದ್ದು 1940ರಲ್ಲಿ, ಕಡಲಿನಿಂದ ಬಲು ದೂರವಿರುವ ನ್ಯೂ ಮೆಕ್ಸಿಕೊ ರಾಜ್ಯದ ಒಣ ಬಯಲಿನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಪ್ರಾಣಿಶಾಸ್ತ್ರ ಓದಿ, 1963ರಲ್ಲಿ ಪದವಿ ಪಡೆದರು. ಮೊದಲ ನೌಕರಿ ಎಲ್ಲಿ ಗೊತ್ತೇ? ತಿಮಿಂಗಿಲಗಳನ್ನು ಕಡಿಯುವ ಕಟ್ಟೆಯಲ್ಲಿ! ಆ ಕಾಲದಲ್ಲಿ ಅಮೆರಿಕದಲ್ಲೂ ತಿಮಿಂಗಿಲ ಬೇಟೆ ನಡೆಯುತ್ತಿತ್ತು. ಕ್ಯಾಲಿಫೋರ್ನಿಯಾದ ಕಡಲ ದಡಕ್ಕೆ ಎಳೆದು ತಂದ ದೈತ್ಯ ದೇಹಗಳನ್ನು ಕತ್ತರಿಸಿ ಎಣ್ಣೆ ತೆಗೆಯುತ್ತಿದ್ದರು, ಸಾಕುಪ್ರಾಣಿಗಳ ಆಹಾರಕ್ಕೂ ಬಳಸುತ್ತಿದ್ದರು. ಸರಕಾರದ ಜೀವಶಾಸ್ತ್ರಜ್ಞನಾಗಿ ಅಲ್ಲಿ ನಿಂತು ಸತ್ತವುಗಳನ್ನು ಪರೀಕ್ಷಿಸಿ ಬರೆದಿಡುವುದು ಬಾಲ್ಕಂಬ್ ಅವರ ಕೆಲಸ. ತಿಮಿಂಗಿಲದ ಬಗ್ಗೆ ಅಂದು ಮನುಷ್ಯನಿಗಿದ್ದ ಜ್ಞಾನವೆಲ್ಲಾ ಹೆಚ್ಚು ಕಡಿಮೆ ಹೀಗೆ ಹೆಣದಿಂದ ಬಂದದ್ದೇ.

ಆಮೇಲೆ ವಿಯೆಟ್ನಾಂ ಯುದ್ಧದ ದಿನಗಳಲ್ಲಿ ನೌಕಾಪಡೆ ಸೇರಿದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕಿವಿಯ ಕೆಲಸ. ಸೋವಿಯತ್ ಜಲಾಂತರ್ಗಾಮಿಗಳ ಸದ್ದು ಹಿಡಿಯಲು ಅಮೆರಿಕವು ಸಮುದ್ರದ ತಳದಲ್ಲಿ ಗುಪ್ತವಾಗಿ ಧ್ವನಿಗ್ರಾಹಕಗಳ ಜಾಲ ಹರಡಿತ್ತು. ನೀರಿನಲ್ಲಿ ಸದ್ದು ಎಷ್ಟು ದೂರ ಸಾಗುತ್ತದೆ, ಹೇಗೆ ಸಾಗುತ್ತದೆ ಎಂಬುದನ್ನು ಅವರು ಕಲಿತದ್ದು ಇಲ್ಲೇ. ಈ ಪಾಠ ಮುಂದೆ ಅದೇ ನೌಕಾಪಡೆಯ ಎದುರು ಅವರಿಗೆ ಉಪಯೋಗಕ್ಕೆ ಬಂತು. ಆ ಕಥೆಗೆ ಆಮೇಲೆ ಬರೋಣ.

1976ರಲ್ಲಿ ಸರಕಾರ ಅವರಿಗೆ ಒಂದು ಋತುವಿನ ಗುತ್ತಿಗೆ ಕೊಟ್ಟಿತು. ವಾಷಿಂಗ್ಟನ್ ರಾಜ್ಯದ ನೀರಿನಲ್ಲಿ ಓರ್ಕಾಗಳು ಎಷ್ಟಿವೆ ಎಂದು ಎಣಿಸಬೇಕು. ಅವರು ಸ್ಯಾನ್ ಹುವಾನ್ ದ್ವೀಪದಲ್ಲಿ ಬೀಡುಬಿಟ್ಟರು. ಬೇಸಿಗೆಯಿಡೀ ಚಿಕ್ಕ ದೋಣಿಯಲ್ಲಿ ಅಲೆದು, ಪಟ ತೆಗೆದು, ರೀಲು ತೊಳೆದು, ಕಪ್ಪು ಬಿಳುಪು ಫೋಟೊಗಳನ್ನು ಒಂದರ ಪಕ್ಕ ಒಂದಿಟ್ಟು ಭೂತಗನ್ನಡಿಯಲ್ಲಿ ನೋಡಿ ತಾಳೆ ಹಾಕಿದರು. ಕೊನೆಗೆ ಸಿಕ್ಕಿದ ಉತ್ತರ ಸುಮಾರು ಎಪ್ಪತ್ತು. ಜೆ, ಕೆ, ಎಲ್ ಎಂಬ ಮೂರು ಗುಂಪುಗಳು ಸೇರಿ ಇಷ್ಟೇ! ಹಿಂದಿನ ಹದಿನೈದು ವರ್ಷಗಳಲ್ಲಿ ಈ ಪುಟ್ಟ ಬಳಗದಿಂದಲೇ ನಲವತ್ತಕ್ಕಿಂತ ಹೆಚ್ಚು ಓರ್ಕಾಗಳು ಸೆರೆಯಾಗಿದ್ದವು ಇಲ್ಲವೇ ಸೆರೆ ಹಿಡಿಯುವಾಗ ಸತ್ತಿದ್ದವು. ಅದರಲ್ಲೂ ಹೆಚ್ಚಿನವು ಎಳೆಯವು. ಮುಂದೆ ಮರಿ ಹಾಕಬೇಕಾಗಿದ್ದ ಒಂದು ತಲೆಮಾರೇ ಮಾಯವಾಗಿತ್ತು. ಅದೇ 1976ರಲ್ಲಿ ರಾಜ್ಯ ಸರಕಾರವು ಕೋರ್ಟಿಗೆ ಹೋದ ಬಳಿಕ ವಾಷಿಂಗ್ಟನ್ ನೀರಿನಲ್ಲಿ ಓರ್ಕಾ ಹಿಡಿಯುವುದು ನಿಂತಿತು.

ಗುತ್ತಿಗೆ ಒಂದು ಋತುವಿಗೆ ಮುಗಿಯಿತು. ಹಣವೂ ನಿಂತಿತು. ಎಣಿಸಿ ಆಯಿತಲ್ಲ, ಇನ್ನೇನು ಎಂಬುದು ಸರಕಾರದ ಧೋರಣೆ. ಬಾಲ್ಕಂಬ್ ಅವರಿಗೆ ಹಾಗನ್ನಿಸಲಿಲ್ಲ. ಒಂದು ಮನೆಯ ಕಥೆ ಒಂದು ಬೇಸಿಗೆಯಲ್ಲಿ ತಿಳಿಯುತ್ತದೆಯೇ? ಸ್ವಯಂಸೇವಕರನ್ನು ಕೂಡಿಕೊಂಡು, ದೇಣಿಗೆ ಎತ್ತಿ ಮುಂದುವರಿಸಿದರು. 1979ರಲ್ಲಿ ಅದೇ ದ್ವೀಪದಲ್ಲಿ ತಿಮಿಂಗಿಲಗಳ ವಸ್ತುಸಂಗ್ರಹಾಲಯ ಆರಂಭಿಸುವುದರಲ್ಲೂ ಅವರ ಪಾಲಿತ್ತು. ಬಳಿಕ 'ತಿಮಿಂಗಿಲ ಸಂಶೋಧನಾ ಕೇಂದ್ರ' ಎಂಬ ಸಂಸ್ಥೆಯನ್ನೇ ಕಟ್ಟಿದರು. ಸಂಸ್ಥೆ ಎಂದೊಡನೆ ದೊಡ್ಡ ಕಟ್ಟಡವನ್ನು ಕಲ್ಪಿಸಿಕೊಳ್ಳಬೇಡಿ. ಕಡಲಿಗೆ ಮುಖ ಮಾಡಿದ ಅವರ ಮನೆಯೇ ಕೇಂದ್ರ. ತಿಮಿಂಗಿಲಗಳು ಎದುರಿನ ಜಲಸಂಧಿಯಲ್ಲಿ ಹಾದು ಹೋದರೆ ಕೈಯಲ್ಲಿದ್ದ ಕೆಲಸ ಬಿಟ್ಟು ದೋಣಿಗೆ ಓಡುವುದು.

ಅಜ್ಜಿಯರ ಬಳಗ

ವರ್ಷ ವರ್ಷವೂ ಪಟಗಳು ಸೇರುತ್ತಾ ಹೋದಂತೆ ಅದೊಂದು ಕುಟುಂಬದ ಆಲ್ಬಮ್ ಆಗಿಬಿಟ್ಟಿತು. ನಮ್ಮ ಮನೆಗಳ ಹಳೆಯ ಆಲ್ಬಮ್ ತೆರೆದರೆ ಅಜ್ಜಿಯ ಪಕ್ಕದಲ್ಲಿ ಯಾರು, ತಾಯಿಯ ಮಡಿಲಲ್ಲಿ ಯಾರು ಎಂದು ನೋಡಿಯೇ ಸಂಬಂಧ ಹೇಳುತ್ತೇವಲ್ಲ, ಹಾಗೆಯೇ. ಯಾವ ಮರಿ ಯಾವ ಹೆಣ್ಣಿನ ಪಕ್ಕ ಈಜುತ್ತದೆ ಎಂಬುದನ್ನು ನೋಡಿ ವಂಶವೃಕ್ಷ ಬರೆಯಲಾಯಿತು. ಆಗ ಯಾರೂ ನಿರೀಕ್ಷಿಸದ ಸಂಗತಿಯೊಂದು ಬೆಳಕಿಗೆ ಬಂತು.

ಆನೆ, ಸಿಂಹ, ಮಂಗ ಮುಂತಾದ ಪ್ರಾಣಿಗಳಲ್ಲಿ ಗಂಡುಮರಿ ಬೆಳೆದ ಮೇಲೆ ಹುಟ್ಟಿದ ಗುಂಪನ್ನು ಬಿಟ್ಟು ಹೋಗುವುದೇ ಹೆಚ್ಚು. ಈ ಓರ್ಕಾಗಳಲ್ಲಿ ಹಾಗಿಲ್ಲ. ಮಗಳೂ ಹೋಗುವುದಿಲ್ಲ, ಮಗನೂ ಹೋಗುವುದಿಲ್ಲ! ಬೇರೆ ಗುಂಪಿನ ಹೆಣ್ಣನ್ನು ಕೂಡಿದರೂ ಗಂಡು ಮತ್ತೆ ತಾಯಿಯ ಬಳಿಗೇ ಮರಳುತ್ತದೆ. ಆರಡಿ ರೆಕ್ಕೆಯ, ಹಲವು ಟನ್ ತೂಕದ ಮೂವತ್ತು ವರ್ಷದ ಮಗ ತಾಯಿಯ ಬದಿಯಲ್ಲೇ ಈಜುತ್ತಿರುತ್ತಾನೆ. ತಾಯಿ ತಾನು ಹಿಡಿದ ಸಾಲ್ಮನ್ ಮೀನನ್ನು ಕಚ್ಚಿ ತುಂಡು ಮಾಡಿ ಅವನಿಗೂ ಪಾಲು ಕೊಡುತ್ತಾಳೆ. ಪ್ರತಿ ಗುಂಪಿಗೂ ತನ್ನದೇ ಆದ ಕೂಗಿನ ಧಾಟಿಯಿದೆ. ನಮ್ಮಲ್ಲಿ ಮಂಗಳೂರು ಕನ್ನಡ, ಧಾರವಾಡ ಕನ್ನಡ ಇದ್ದ ಹಾಗೆ. ಮರಿಗಳು ಅದನ್ನು ತಾಯಿಯಿಂದಲೇ ಕಲಿಯುತ್ತವೆ.

ಇನ್ನೂ ಸೋಜಿಗದ ವಿಷಯವಿದೆ. ಹೆಚ್ಚಿನ ಪ್ರಾಣಿಗಳಲ್ಲಿ ಹೆಣ್ಣು ಸಾಯುವ ತನಕವೂ ಮರಿ ಹಾಕುತ್ತದೆ. ಮುಟ್ಟು ನಿಲ್ಲುವುದು, ಆ ಮೇಲೂ ದೀರ್ಘಕಾಲ ಬದುಕುವುದು ಮನುಷ್ಯರಲ್ಲಿ ಮತ್ತು ಬೆರಳೆಣಿಕೆಯ ಹಲ್ಲುಳ್ಳ ತಿಮಿಂಗಿಲ ಜಾತಿಗಳಲ್ಲಿ ಕಂಡುಬರುತ್ತದೆ. ಹೆಣ್ಣು ಓರ್ಕಾ ಸುಮಾರು ನಲವತ್ತರ ಬಳಿಕ ಹೆರುವುದನ್ನು ನಿಲ್ಲಿಸುತ್ತದೆ. ಆದರೆ ಅರುವತ್ತು, ಎಪ್ಪತ್ತು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ವರ್ಷ ಬದುಕಬಲ್ಲದು. ಯಾತಕ್ಕಾಗಿ? ಹೆರದ ಹೆಣ್ಣಿನಿಂದ ಬಳಗಕ್ಕೆ ಏನು ಪ್ರಯೋಜನ?

ಬಾಲ್ಕಂಬ್ ಮತ್ತು ಕೆನಡಾದವರು ಕೂಡಿಟ್ಟ ದಶಕಗಳ ಪಟಗಳನ್ನು ಇಂಗ್ಲೆಂಡಿನ ಸಂಶೋಧಕರು ಲೆಕ್ಕಕ್ಕೆ ಹಚ್ಚಿದರು. 2012ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ತಾಯಿ ಸತ್ತರೆ, ಮೂವತ್ತು ದಾಟಿದ ಗಂಡು ಮಗ ಮುಂದಿನ ಒಂದು ವರ್ಷದೊಳಗೆ ಸಾಯುವ ಸಂಭವ ಸುಮಾರು ಹದಿನಾಲ್ಕು ಪಟ್ಟು ಹೆಚ್ಚುತ್ತದೆ. ಅದೇ ವಯಸ್ಸಿನ ಹೆಣ್ಣು ಮಗಳಲ್ಲಿ ಇದು ಮೂರು ಪಟ್ಟಿಗಿಂತಲೂ ಕಡಿಮೆ. (ಗಂಡುಮಕ್ಕಳ ಕುರಿತು ನಮ್ಮ ತಾಯಂದಿರು ಆಡುವ ಮಾತು ನೆನಪಾದರೆ ಅದು ನಿಮ್ಮ ತಪ್ಪಲ್ಲ!) 2015ರ ಅಧ್ಯಯನವು ಮತ್ತೊಂದು ಅಂಶವನ್ನು ತೋರಿಸಿತು. ಬಳಗದ ಮುಂದೆ ಈಜಿ ದಾರಿ ತೋರಿಸುವವರು ಹೆಚ್ಚಾಗಿ ಹೆರಿಗೆ ನಿಂತ ಹಿರಿಯ ಹೆಣ್ಣುಗಳು. ಅದರಲ್ಲೂ ಮೀನಿನ ಬರವಿರುವ ವರ್ಷಗಳಲ್ಲಿ ಹೀಗಾಗುವುದು ಹೆಚ್ಚು. ಯಾವ ಕಾಲಕ್ಕೆ, ಯಾವ ಹೊಳೆಯ ಬಾಯಿಗೆ ಮೀನು ಬರುತ್ತದೆ ಎಂಬ ನೆನಪು ಆ ಮುದಿ ತಲೆಯಲ್ಲಿದೆ. 2019ರಲ್ಲಿ, ಅಜ್ಜಿ ಸತ್ತ ಮನೆಯ ಮರಿಗಳು ಬದುಕುಳಿಯುವುದು ಕಷ್ಟ ಎಂಬುದೂ ಲೆಕ್ಕದಲ್ಲಿ ಕಂಡಿತು.

ಇಂಥ ಹಿರಿಯಳೊಬ್ಬಳು ಜೆ2. ಜನ ಪ್ರೀತಿಯಿಂದ ಕರೆದದ್ದು 'ಗ್ರ್ಯಾನಿ', ಅಂದರೆ ಅಜ್ಜಿ. 1976ರಲ್ಲಿ ಬಾಲ್ಕಂಬ್ ಪಟ ತೆಗೆಯುವಾಗಲೇ ಆಕೆ ವಯಸ್ಕಳು. ನಲವತ್ತು ವರ್ಷ ಅವರ ಕ್ಯಾಮೆರಾದ ಎದುರು ಆಕೆ ಜೆ ಗುಂಪಿನ ಮುಂದಾಳಾಗಿ ಈಜಿದಳು. ಆಕೆಗೆ ನೂರು ದಾಟಿದೆ ಎಂದು ಪತ್ರಿಕೆಗಳು ಬರೆದವು. ಆ ಅಂದಾಜು ಸ್ವಲ್ಪ ಅತಿಯಾಯಿತು, ಅಷ್ಟು ವಯಸ್ಸಾಗಿರಲಾರದು ಎಂಬುದು ಈಗಿನ ಅಭಿಪ್ರಾಯ. ಏನೇ ಇರಲಿ, 2016ರ ಅಕ್ಟೋಬರ್‌ನಲ್ಲಿ ಬಾಲ್ಕಂಬ್ ಆಕೆಯನ್ನು ಕೊನೆಯ ಬಾರಿ ಕಂಡರು. ಆಮೇಲೆ ಗುಂಪು ಬಂತು, ಅಜ್ಜಿ ಬರಲಿಲ್ಲ. ಆ ವರ್ಷದ ಕೊನೆಗೆ ಅವರೇ ಆಕೆಯ ಸಾವನ್ನು ಪ್ರಕಟಿಸಿದರು.

ನೌಕಾಪಡೆಯ ಎದುರು

ಚಳಿಗಾಲದಲ್ಲಿ ಬಾಲ್ಕಂಬ್ ಸುಮ್ಮನಿರುತ್ತಿರಲಿಲ್ಲ. 1991ರಿಂದ ಅವರು ಅಮೆರಿಕದ ಇನ್ನೊಂದು ಬದಿಯ ಬಹಾಮಾ ದ್ವೀಪಗಳಿಗೆ ಹೋಗಿ ಕೊಕ್ಕಿನ ತಿಮಿಂಗಿಲಗಳ ಪಟ ತೆಗೆಯುತ್ತಿದ್ದರು. ಬಹಳ ಆಳಕ್ಕೆ ಮುಳುಗುವ, ನಾಚಿಕೆ ಸ್ವಭಾವದ ಪ್ರಾಣಿಗಳಿವು. ಕಾಣಸಿಗುವುದೇ ಅಪರೂಪ. 2000ದ ಮಾರ್ಚ್ 15ರ ಬೆಳಿಗ್ಗೆ ಅಂಥದ್ದೊಂದು ತಿಮಿಂಗಿಲ ಅವರ ಮನೆಯೆದುರಿನ ಮರಳಿಗೇ ಬಂದು ಬಿತ್ತು. ಅದನ್ನು ನೀರಿಗೆ ದೂಡುವಷ್ಟರಲ್ಲಿ ಇನ್ನೊಂದು ಕಡೆಯಿಂದ ಸುದ್ದಿ, ಮತ್ತೊಂದು ಕಡೆಯಿಂದ ಸುದ್ದಿ. ಎರಡು ದಿನಗಳೊಳಗೆ ಹದಿನೇಳು ತಿಮಿಂಗಿಲಗಳು ದಡ ಸೇರಿದ್ದವು.

ಬೇರೆ ಯಾರಾದರೂ ಆಗಿದ್ದರೆ ಮರುಗಿ ಸುಮ್ಮನಾಗುತ್ತಿದ್ದರೋ ಏನೋ. ತಿಮಿಂಗಿಲ ಕಡಿಯುವ ಕಟ್ಟೆಯಲ್ಲಿ ಕೈ ಪಳಗಿದ್ದ ಬಾಲ್ಕಂಬ್ ಸತ್ತವುಗಳ ತಲೆಯನ್ನು ಬೇರ್ಪಡಿಸಿ, ಕೊಳೆಯದಂತೆ ಫ್ರೀಜರಿನಲ್ಲಿಟ್ಟರು. ವಿಮಾನದಲ್ಲಿ ಸುತ್ತು ಹಾಕಿದಾಗ ಕೆಳಗೆ ಕಡಲಲ್ಲಿ ಯುದ್ಧನೌಕೆಯೊಂದು ಕಂಡಿತು. ಅದರ ಪಟವನ್ನೂ ತೆಗೆದರು. ತಲೆಗಳನ್ನು ಸ್ಕ್ಯಾನ್ ಮಾಡಿಸಿದಾಗ ಕಿವಿ ಮತ್ತು ಮಿದುಳಿನ ಸುತ್ತ ರಕ್ತಸ್ರಾವ ಆಗಿದ್ದುದು ಕಂಡುಬಂತು. ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚಲು ನೌಕೆಗಳು ನೀರಿನಲ್ಲಿ ಹೊರಡಿಸುವ ಸೋನಾರ್ ಎಂಬ ತೀವ್ರ ಸದ್ದೇ ಇದಕ್ಕೆ ಕಾರಣವೆಂದು ಅವರಿಗೆ ಖಚಿತವಾಯಿತು.

ಯೋಚಿಸಿ ನೋಡಿ. ಸ್ವತಃ ನೌಕಾಪಡೆಯಲ್ಲಿ ದುಡಿದವರು. ಅಲ್ಲಿನ ಗೆಳೆಯರು, ಅಲ್ಲಿನ ಶಿಸ್ತು, ಗುಟ್ಟು ಕಾಪಾಡುವ ಪ್ರಮಾಣ ಎಲ್ಲವೂ ಒಂದು ಕಡೆ. ಮಾತಾಡಲಾರದ ಪ್ರಾಣಿ ಇನ್ನೊಂದು ಕಡೆ. ಅವರು ಪತ್ರಿಕೆಗಳ ಮುಂದೆ, ಟಿ.ವಿ.ಯ ಮುಂದೆ ಬಂದು ಕಂಡದ್ದನ್ನು ಹೇಳಿದರು. 2001ರ ಡಿಸೆಂಬರ್‌ನಲ್ಲಿ ಪ್ರಕಟವಾದ ಸರಕಾರಿ ವರದಿಯಲ್ಲಿ, ಈ ದುರಂತಕ್ಕೆ ತನ್ನ ಸೋನಾರ್ ಕಾರಣವಾಗಿರುವುದನ್ನು ನೌಕಾಪಡೆ ಒಪ್ಪಿಕೊಂಡಿತು. ಸಮುದ್ರದ ಪ್ರಾಣಿಗಳ ಮೇಲೆ ಸೋನಾರ್‌ನ ಪರಿಣಾಮದ ಬಗ್ಗೆ ಮುಂದೆ ನಡೆದ ಮೊಕದ್ದಮೆಗಳಿಗೆ, ಸಂಶೋಧನೆಗಳಿಗೆ ಈ ಘಟನೆ ದೊಡ್ಡ ಆಧಾರವಾಯಿತು.

ಬರಿದಾದ ಹೊಳೆ

ಇತ್ತ ಓರ್ಕಾಗಳ ಆಲ್ಬಮ್‌ನಲ್ಲಿ ಏನಾಗುತ್ತಿತ್ತು? ಸೆರೆ ಹಿಡಿಯುವುದು ನಿಂತ ಮೇಲೆ ಸಂಖ್ಯೆ ನಿಧಾನವಾಗಿ ಏರಿ 1995ರಲ್ಲಿ 98ಕ್ಕೆ ಮುಟ್ಟಿತು. ಅಬ್ಬಾ, ಬದುಕಿಕೊಂಡವು ಎಂದು ಎಲ್ಲರೂ ಸಮಾಧಾನದ ಉಸಿರು ಬಿಟ್ಟರು. ಆದರೆ ಮುಂದಿನ ಐದಾರು ವರ್ಷಗಳಲ್ಲಿ ಅದು 80ರ ಆಸುಪಾಸಿಗೆ ಇಳಿಯಿತು. 2005ರಲ್ಲಿ ಅಮೆರಿಕ ಸರಕಾರ ಇವುಗಳನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು.

ಈಗ ಕೋವಿಯೂ ಇಲ್ಲ, ಬಲೆಯೂ ಇಲ್ಲ. ಕಾರಣ ಹೊಟ್ಟೆ. ಈ ಬಳಗ ಸೀಲ್ ಅಥವಾ ಬೇರೆ ಸಸ್ತನಿಗಳನ್ನು ಮುಟ್ಟುವುದಿಲ್ಲ. ಅದನ್ನು ತಿನ್ನುವ ಓರ್ಕಾಗಳ ಬಳಗವೇ ಬೇರೆ, ಇವೆರಡೂ ಒಂದನ್ನೊಂದು ಸೇರುವುದಿಲ್ಲ. ಇವುಗಳಿಗೆ ಬೇಕಾದದ್ದು ಸಾಲ್ಮನ್, ಅದರಲ್ಲೂ ಕೊಬ್ಬು ತುಂಬಿದ ದೊಡ್ಡ ಚಿನೂಕ್ ಜಾತಿಯ ಸಾಲ್ಮನ್. ಈ ಮೀನು ಹೊಳೆಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆಗೇ ಹತ್ತುತ್ತದೆ. ಹೊಳೆಗೆ ಅಣೆಕಟ್ಟು ಕಟ್ಟಿದರೆ? ಕಾಡು ಕಡಿದು ನೀರು ಬೆಚ್ಚಗಾದರೆ? ಕಡಲಿನಲ್ಲಿ ಮಿತಿಮೀರಿ ಹಿಡಿದರೆ? ಮತ್ಸ್ಯಕ್ಷಾಮವೆಂದರೆ ಏನೆಂದು ನಮ್ಮ ಕರಾವಳಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಬಲೆ ಬರಿದಾಗಿ ಬಂದ ದಿನ ಮನೆಯ ಒಲೆಯ ಸ್ಥಿತಿ ಅವರಿಗೆ ಗೊತ್ತು.

ಹಸಿದ ತಿಮಿಂಗಿಲದ ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗುತ್ತದೆ. ಆ ಕೊಬ್ಬಿನಲ್ಲಿ ಕಾರ್ಖಾನೆಗಳಿಂದ ಕಡಲು ಸೇರಿದ ವಿಷ ಅಡಗಿರುತ್ತದೆ. ಅದು ತಾಯಿಯ ಹಾಲಿನ ಮೂಲಕ ಮರಿಗೆ ಹೋಗುತ್ತದೆ. ಚೊಚ್ಚಲ ಮರಿಗೆ ಹೆಚ್ಚಿನ ಪಾಲು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಈ ಬಳಗದ ಮೂರರಲ್ಲಿ ಎರಡು ಗರ್ಭಗಳು ನಿಲ್ಲುತ್ತಲೇ ಇರಲಿಲ್ಲ. ಇದರ ಜೊತೆಗೆ ಹಡಗುಗಳ ಗದ್ದಲ. ಓರ್ಕಾ ಮೀನನ್ನು ಹುಡುಕುವುದು ಸದ್ದಿನ ಪ್ರತಿಧ್ವನಿಯಿಂದ. ಗದ್ದಲದಲ್ಲಿ ಅದರ ಕಿವಿ ಕುರುಡಾಗುತ್ತದೆ ಎನ್ನಬಹುದು.

ಎಣಿಸುವುದಷ್ಟೇ ತನ್ನ ಕೆಲಸ ಎಂದು ಬಾಲ್ಕಂಬ್ ಕುಳಿತುಕೊಳ್ಳಲಿಲ್ಲ. ಸ್ನೇಕ್ ನದಿಯ ನಾಲ್ಕು ಅಣೆಕಟ್ಟುಗಳನ್ನು ತೆಗೆಯಿರಿ, ಮೀನು ಮೇಲೆ ಹತ್ತಲಿ ಎಂದು ಹೋದಲ್ಲೆಲ್ಲಾ ಹೇಳಿದರು. ಮೀನಿಲ್ಲದಿದ್ದರೆ ತಿಮಿಂಗಿಲಕ್ಕೆ ಕಾನೂನಿನ ರಕ್ಷಣೆ ಕೊಟ್ಟು ಏನು ಫಲ ಎಂಬುದು ಅವರ ನೇರವಾದ ಪ್ರಶ್ನೆ. ವಿದ್ಯುತ್ತು, ಕೃಷಿ, ಸಾಗಾಟ ಎಂದು ಎದುರು ವಾದಗಳೂ ಇವೆ. ಅವು ಪೊಳ್ಳು ವಾದಗಳೆಂದು ದೂರ ಕುಳಿತ ನಾವು ಹೇಳಲಾರೆವು. ಆದರೆ ಅದೇ ರಾಜ್ಯದ ಎಲ್ವಾ ಎಂಬ ನದಿಯಲ್ಲಿ 2011ರಿಂದ 2014ರ ನಡುವೆ ಎರಡು ಹಳೆಯ ಅಣೆಕಟ್ಟುಗಳನ್ನು ನಿಜವಾಗಿಯೂ ಕೆಡವಲಾಯಿತು. ಸಾಲ್ಮನ್ ಮೀನು ನೂರು ವರ್ಷಗಳ ಬಳಿಕ ಹೊಳೆಯ ಮೇಲ್ಭಾಗಕ್ಕೆ ಹತ್ತಿತು. 2020ರಲ್ಲಿ ಎಂಬತ್ತರ ಹೊಸ್ತಿಲಲ್ಲಿದ್ದ ಬಾಲ್ಕಂಬ್ ಆ ನದಿಯ ದಂಡೆಯಲ್ಲಿ ತಮ್ಮ ಸಂಸ್ಥೆಗಾಗಿ ನಲವತ್ತೈದು ಎಕರೆ ಜಾಗ ಕೊಳ್ಳುವಂತೆ ಮಾಡಿದರು. ಮೀನಿಗೆ ಮೊಟ್ಟೆಯಿಡಲು ತಾವಾದರೂ ಒಂದಿಷ್ಟು ಹೊಳೆ ಕಾಯೋಣ ಎಂದು. ಕ್ಯಾನ್ಸರ್ ಪೀಡಿತರಾಗಿದ್ದ ಅವರು ತಮ್ಮ ಕೊನೆಯ ದಿನಗಳನ್ನು ಕಳೆದದ್ದೂ, ಕೊನೆಯುಸಿರೆಳೆದದ್ದೂ ಅಲ್ಲಿಯೇ.

ಹದಿನೇಳು ದಿನ

2018ರ ಜುಲೈ 24ರಂದು ಜೆ35 ಎಂಬ ಹೆಣ್ಣು ಓರ್ಕಾ ಮರಿ ಹಾಕಿತು. ಆ ಬಳಗದಲ್ಲಿ ಬಹಳ ದಿನಗಳ ಬಳಿಕ ಜೀವಂತ ಮರಿ ಹುಟ್ಟಿತ್ತು. ಸುದ್ದಿ ತಿಳಿದು ಕೇಂದ್ರದವರು ಕ್ಯಾಮೆರಾ ಹಿಡಿದು ಓಡಿದರು. ತಲುಪುವಷ್ಟರಲ್ಲಿ ಮರಿ ಸತ್ತಿತ್ತು. ಅರ್ಧ ಗಂಟೆಯಷ್ಟೇ ಅದರ ಆಯುಸ್ಸು. ತಾಯಿ ಅದನ್ನು ಬಿಡಲಿಲ್ಲ. ಮುಳುಗುತ್ತಿದ್ದ ಮರಿಯನ್ನು ಮೂತಿಯಿಂದ ಎತ್ತಿ ಮತ್ತೆ ಮತ್ತೆ ನೀರಿನ ಮೇಲೆ ತಂದಳು. ಒಂದು ದಿನ, ಎರಡು ದಿನ, ಒಂದು ವಾರ. ಹದಿನೇಳು ದಿನ, ಸುಮಾರು ಸಾವಿರದಾರುನೂರು ಕಿಲೋಮೀಟರ್ ಆಕೆ ಆ ಸತ್ತ ಮರಿಯನ್ನು ಹೊತ್ತುಕೊಂಡು ಈಜಿದಳು. ಜಗತ್ತಿನಾದ್ಯಂತ ಪತ್ರಿಕೆಗಳು ಆ ಚಿತ್ರವನ್ನು ಮುದ್ರಿಸಿದವು. ನೀವೂ ನೋಡಿರಬಹುದು.

ಆ ತಾಯಿ ಯಾರೆಂದು ಲೋಕಕ್ಕೆ ಹೇಳಲು ಸಾಧ್ಯವಾದದ್ದು ಆಲ್ಬಮ್ ಇದ್ದುದರಿಂದ. ಆಕೆ 1998ರಲ್ಲಿ ಹುಟ್ಟಿದವಳು, ಆಕೆಗೆ ಅದಾಗಲೇ ಒಬ್ಬ ಮಗನಿದ್ದಾನೆ ಎಂಬುದು ಅದರಲ್ಲಿ ದಾಖಲಾಗಿತ್ತು. ಇಲ್ಲದಿದ್ದರೆ ಅದು 'ಯಾವುದೋ ಒಂದು ತಿಮಿಂಗಿಲ' ಅಷ್ಟೇ.

2020ರ ಸೆಪ್ಟೆಂಬರ್‌ನಲ್ಲಿ ಜೆ35 ಮತ್ತೆ ಹೆತ್ತಳು. ಗಂಡು ಮರಿ. ಅದಕ್ಕೆ ಜೆ57 ಎಂಬ ಸಂಖ್ಯೆ ಕೊಟ್ಟು ಪಟ ತೆಗೆದು ಆಲ್ಬಮ್‌ಗೆ ಸೇರಿಸಿದರು. ಅದು ಬದುಕಿಕೊಂಡಿತು. 2024ರ ಡಿಸೆಂಬರ್‌ನಲ್ಲಿ ಇನ್ನೊಂದು ಮರಿ, ಹೆಣ್ಣು. ಆ ಮರಿ ಹೊಸ ವರ್ಷ ಕಾಣುವ ಹೊತ್ತಿಗೆ ಸತ್ತಿತು. 2025ರ ಜನವರಿಯ ಚಳಿಯಲ್ಲಿ ಜೆ35 ಮತ್ತೊಮ್ಮೆ ಸತ್ತ ಮರಿಯನ್ನು ಮೂತಿಯ ಮೇಲೆ ಹೊತ್ತು ಈಜುತ್ತಿರುವುದು ಕಂಡಿತು. ಆಗ ಬಾಲ್ಕಂಬ್ ಇರಲಿಲ್ಲ. ಅವರ ಶಿಷ್ಯರು ದೋಣಿಯಲ್ಲಿದ್ದರು.

ಪ್ರತಿ ವರ್ಷದ ಜುಲೈ 1ರ ಲೆಕ್ಕವನ್ನು ಅವರೀಗ ಸರಕಾರಕ್ಕೆ ಒಪ್ಪಿಸುತ್ತಾರೆ. 2024ರ ಲೆಕ್ಕ 73. ಗುಂಪು ಹಾದು ಹೋಗುವಾಗ ಯಾರಾದರೂ ಕಾಣದಿದ್ದರೆ ಕೂಡಲೇ ಸತ್ತರೆಂದು ಬರೆಯುವುದಿಲ್ಲ. ಮುಂದಿನ ಬಾರಿ ನೋಡುತ್ತಾರೆ, ಅದರ ಮುಂದಿನ ಬಾರಿಯೂ ನೋಡುತ್ತಾರೆ. ತಾಯಿಯ ಪಕ್ಕದಲ್ಲಿ ಆ ಜಾಗ ಖಾಲಿಯೇ ಉಳಿದಿದ್ದರೆ ಆಗ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ.